ಕಾಲಲ್ಲಿ ಬರೆದ ಕಾಪಿ

ಮಾರ್ಕೆಟ್ ಬಸ್‌ಸ್ಟ್ಯಾಂಡಿನ ಹಿಂದೆ
ಮೋರಿ ಮುಚ್ಚಿದ ಚಪ್ಪಡಿ ಸ್ವಲ್ಪ ವಾಲಿತ್ತು, ಅಷ್ಟೆ.
ಪಾದ ಒಳಕ್ಕೆ ಹೊರಳಿತು,
ನಾನು ಹೊರಕ್ಕೆ.
ಚಿಲ್ಲರೆಯೆಲ್ಲ ಚೆಲ್ಲಾಪಿಲ್ಲಿ. ಮೊದಲು ಅದನ್ನೇ ಆಯ್ದೆ,
ಆಮೇಲೆ ನೋಡಿಕೊಂಡೆ: ಹರಡಿನ ಹೊರಮಗ್ಗುಲಲ್ಲಿ
ಬದನೆಕಾಯಿ ಬಣ್ಣದ ಬಾವು.

ಡ್ರೈವರ್ ಹಯಾತ್‌ಸಾಬ್ ಎಂಜಿನ್ ಆರಿಸದೆ ಕೇಳಿದರು,
"ಮುರೀತಾ, ಉಳುಕ್ತಾ?"
ಮುರಿದಿರಲಿಲ್ಲ. ಮೂಳೆಗೂ ಮೂಳೆಗೂ ನಡುವಿನ
ಒಂದೆಳೆ ನಾರು ಹರಿದಿತ್ತು.

ಮೂರು ವಾರ ಪಟ್ಟಿ. ಆಮೇಲೆ
ಜಯನಗರದ ಆಸ್ಪತ್ರೆ, ಫಿಸಿಯೋ ಕೋಣೆ.
ಶೈನಿ ಅಂತ ಹುಡುಗಿ, ಪಾಲಕ್ಕಾಡಿನವಳು,
ಪ್ಲಾಸ್ಟಿಕ್ ಪಾದವೊಂದನ್ನು ತಂದು
ಬಾಣಂತಿಗೆ ಕೂಸು ಕೊಟ್ಟಂತೆ ಮಡಿಲಿಗಿಟ್ಟಳು.
ಎಣಿಸಿದೆ. ಎಣಿಸುವುದೇ ನನ್ನ ಕಸುಬಲ್ಲವೆ.
ಇಪ್ಪತ್ತಾರು ಮೂಳೆ. ಎರಡು ಪಾದಕ್ಕೆ ಐವತ್ತೆರಡು.
ಇಡೀ ಮೈಗೆ ಇನ್ನೂರಾರು ಎಂದಳು.
ಅಂದರೆ ಕಾಲು ಭಾಗ ಕಾಲಲ್ಲೇ!
ಅವಳೂ ನಕ್ಕಳು. ಅವಳ ಮಲಯಾಳದಲ್ಲೂ
ಕಾಲು ಅಂದರೆ ಕಾಲೇ ಅಂತೆ.

ಆ ಪಾದದ ನೆತ್ತಿಯಲ್ಲೊಂದು ನುಣುಪು ಮೂಳೆ,
ಎಡಬಲದ ಗಿಣ್ಣುಗಳ ನಡುವೆ
ರಷ್ಷಿನಲ್ಲಿ ಸಿಕ್ಕಿಕೊಂಡವರ ಹಾಗೆ.
ಯಾವ ಸ್ನಾಯುವೂ ಅದನ್ನು ಹಿಡಿದಿಲ್ಲವಂತೆ.
ಮೇಲಿನ ಭಾರವೆಲ್ಲ ಅದರ ತಲೆಗೆ;
ಹಿಮ್ಮಡಿಗಿಷ್ಟು, ಬೆರಳಿಗಿಷ್ಟು ಹಂಚಿ
ಹಿಂದಕ್ಕೂ ಮುಂದಕ್ಕೂ ಜಾರುತ್ತ ಇದ್ದುಬಿಡುತ್ತದೆ.
"ಗೊತ್ತು ಬಿಡು," ಎಂದೆ.
ಹದಿನೇಳು ವರ್ಷ ಕಂಬಿ ಹಿಡಿಯದೆ ನಿಂತವಳು ನಾನು,
ಒಂದು ಕೈಲಿ ಮೆಷಿನ್ನು, ಇನ್ನೊಂದರಲ್ಲಿ ನೋಟು,
"ಒಳಗಡೆ ಹೋಗಿ, ಒಳಗಡೆ ಹೋಗಿ."

"ಹೆಬ್ಬೆರಳಲ್ಲಿ ಎಬಿಸಿಡಿ ಬರೀಬೇಕು," ಎಂದಳು ಶೈನಿ,
"ಗಾಳೀಲಿ, ದಿನಕ್ಕೆ ಮೂರು ಸಲ."
ಎ ಅಂದರೆ ಏಣಿ, ಎಚ್ ಅಂದರೆ ಕಿಟಕಿ ಸರಳು.
ಪಾದ ಅತ್ತಿತ್ತ ಆಡಿತೇ ಹೊರತು ಸುತ್ತಲಿಲ್ಲ.
ಮನೆಗೆ ಬಂದು, ಕಾಮಾಕ್ಷಿಪಾಳ್ಯದ ಒಂದೇ ಕೋಣೆಯಲ್ಲಿ,
ಮಂಚದಂಚಿಗೆ ಮೀನಖಂಡ ಊರಿ
ಅ ಬರೆದೆ.

ಅ ಸುಲಭವಲ್ಲ. ಒಂದನೇ ಕ್ಲಾಸಿನಲ್ಲೂ ಆಗಿರಲಿಲ್ಲ.
ಪಾದ ಏಳಬೇಕು, ಒಳಕ್ಕೆ ಮಗುಚಬೇಕು,
ಬಳಸಿ ಬಂದು ಹೊರಕ್ಕೆ ತೆರೆಯಬೇಕು.
ಇ ಸಲೀಸು. ಋ ಬರೆವಾಗ ಹಲ್ಲು ಕಚ್ಚಿದೆ.
ಅಂ ಪಕ್ಕದ ಸೊನ್ನೆ
ದಿನಕ್ಕೆ ಮುನ್ನೂರು ಹೆಂಗಸರಿಗೆ ನಾನು ಹರಿದುಕೊಡುವ
ಟಿಕೆಟ್ಟಿನ ಸೊನ್ನೆ; ಅದು ರೂಢಿ.
ಠ ಬಂದರೆ ಹಬ್ಬ,
ಹಯಾತ್‌ಸಾಬ್ ಡಿಪೋದೊಳಗೆ
ಸ್ಟೇರಿಂಗ್ ಪೂರಾ ತಿರುಗಿಸಿದ ಹಾಗೆ.

ಮಗಳು ಸಿಂಚನ ಎದುರು ಕೂತು ಗುರುತು ಹಿಡಿಯುತ್ತಾಳೆ.
"ಘ."
ಅಲ್ಲ ಕಣೇ, ಛ.
"ನಿನ್ನ ಕಾಲಿನ ಕೈಬರಹ ಚೆನ್ನಾಗಿಲ್ಲಮ್ಮ."
ಅವಳಿಗೆ ಕಾಣುವುದು ತಿರುವುಮುರುವು,
ಕನ್ನಡಿಯೊಳಗಿನ ಕನ್ನಡ.

ಬೈಲಪ್ಪ ಮೇಷ್ಟ್ರು ಐವತ್ತೆರಡಕ್ಷರ ಅನ್ನುತ್ತಿದ್ದರು,
ಎರಡು ಪಾದಕ್ಕೆ ಸರಿಹೋಗುವ ಲೆಕ್ಕ.
ಇವಳ ಪುಸ್ತಕದಲ್ಲಿ ನಲವತ್ತೊಂಬತ್ತೇ.
ಉಳಿದ ಮೂರು ಎಲ್ಲಿ ಹೋದವೊ,
ಮಕ್ಕಳ ಎಳೆಮೂಳೆಯಂತೆ
ಬೆಳೆಯುತ್ತ ಒಂದರೊಳಗೊಂದು ಕೂಡಿಕೊಂಡವೊ.

ಇವತ್ತು ಡ್ಯೂಟಿ.
ಮಿನರ್ವ ಸರ್ಕಲ್ಲಿನಲ್ಲಿ ಗಾಡಿ ವಾಲಿತು,
ಹಂಪ್ ಮೇಲೆ ಅಂಗಾಲಿನ ಕಮಾನು ಒಮ್ಮೆ ತಗ್ಗಿ ಎದ್ದಿತು,
ಸೌತ್ ಎಂಡ್ ವೃತ್ತ ಸುತ್ತುವಾಗ
ಶೂ ಒಳಗೆ, ಯಾರಿಗೂ ಕಾಣದೆ,
ಪಾದ ಏನೋ ಬರೆಯಿತು.
ಎಷ್ಟು ವರ್ಷದಿಂದ ಬರೆಯುತ್ತಲೇ ಇತ್ತೊ.
ಯಾವ ಅಕ್ಷರ ಅಂತ ಓದಿಕೊಳ್ಳುವಷ್ಟರಲ್ಲಿ
ಹಿಂದಿನ ಬಾಗಿಲಿಂದ ಯಾರೋ ಕೂಗಿದರು,
"ಹೋಲ್ಡಾನ್, ಹೋಲ್ಡಾನ್!"
ಏನನ್ನೂ ಹಿಡಿಯದೆ
ಸೀಟಿ ಊದಿದೆ.